ಅಳತೆ ಕೋಣೆಯ ಕುಂಕುಮ

ಆ ಕುಂಕುಮ ಇಟ್ಟವನು ನಾನು, ಮುನಿಯಪ್ಪನವರೇ. ನೀವಲ್ಲ.

ಒಂಬತ್ತು ವರ್ಷದಿಂದ ಈ ಎರಡು ಮಾತು ನನ್ನ ಬಾಯಲ್ಲೇ ಉಳಿದಿವೆ. ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯುವುದಿಲ್ಲ. ಹೇಗಾಯಿತು, ಆಮೇಲೆ ಯಾಕೆ ಸುಮ್ಮನಿದ್ದೆ, ಎಲ್ಲವನ್ನೂ ಹೇಳಬೇಕು. ನಿಮಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ನಿಮ್ಮ ಮನೆಯವರು ನಾರಾಯಣಮ್ಮನವರೂ ಪಕ್ಕದಲ್ಲಿ ಕೂತು ಕೇಳಲಿ.

ನಾನು ಭೌತಶಾಸ್ತ್ರ ಓದಿ ಬಂದವನು. ಕೆಜಿಎಫ್‌ನ ನಮ್ಮ ಕಾರ್ಖಾನೆಯಲ್ಲಿ ಅಳತೆ ಕೋಣೆ ಅಂದಿನಿಂದ ಇಂದಿನವರೆಗೂ ನನ್ನ ವಶದಲ್ಲಿದೆ. ನೀವು ಹೊರಗಿನ ಮೆಷಿನ್ ಶಾಪಿನಲ್ಲಿ ಉಕ್ಕು ಕಡೆಯುವ ಲೇತ್ ನಡೆಸುತ್ತಿದ್ದಿರಿ. ನಿಮ್ಮ ಕೈಯಲ್ಲಿದ್ದ ಅಳತೆಯ ಉಪಕರಣ ಸರಿಯೋ ತಪ್ಪೋ ಎಂದು ನೋಡಲು ನನ್ನ ಹತ್ತಿರ ಸ್ಲಿಪ್ ಗೇಜುಗಳ ಒಂದು ಪೆಟ್ಟಿಗೆ ಇತ್ತು. ಕನ್ನಡಿಯಂಥ ಮೈಯ ಉಕ್ಕಿನ ತುಂಡುಗಳು. ಬರಿಗೈಯಲ್ಲಿ ಮುಟ್ಟಿದರೆ ಬೆವರಿಗೇ ತುಕ್ಕು ಹಿಡಿಯುವಷ್ಟು ನಾಜೂಕು. ಅದಕ್ಕೇ ಸೇರಿದ ಮೊದಲ ವರ್ಷವೇ ನಾನೊಂದು ಕಾನೂನು ಮಾಡಿದ್ದೆ: ಆಯುಧಪೂಜೆಯ ದಿನ ಅಳತೆ ಕೋಣೆಯೊಳಗೆ ಅರಿಶಿನ, ಕುಂಕುಮ, ನೀರು ಬರಕೂಡದು.

ಶಾಪಿನಲ್ಲಿ ಪೂಜೆ ಮಾಡುತ್ತಿದ್ದವರು ನೀವು. ಯಾರೂ ನೇಮಿಸಿದ್ದಲ್ಲ, ಅದು ನಿಮ್ಮದಾಗಿತ್ತು. ಮೆಷಿನ್ನುಗಳ ಮೇನ್ ಸ್ವಿಚ್ ಇಳಿಸಿ, ಬಾಳೆಕಂದು ಕಟ್ಟಿ, ಒಂದೊಂದಕ್ಕೂ ಉಂಗುರದ ಬೆರಳಿನಿಂದ ಬೊಟ್ಟಿಟ್ಟು ಬರುತ್ತಿದ್ದಿರಿ. ನನ್ನ ಕೋಣೆ ಬಂದಾಗ ಬಾಗಿಲ ಚೌಕಟ್ಟಿಗೆ ಮಾತ್ರ ಒಂದು ಬೊಟ್ಟು.

"ಒಳಗಿರೋ ದೇವ್ರಿಗೆ ಕುಂಕುಮ ಅಂದ್ರೆ ಆಗಕಿಲ್ಲ ಕಣ್ಲಾ ಸೆಲ್ವಂ, ನಮ್ ಸಾರ್ ತರಾನೇ," ಎಂದು ತಮಟೆ ಹೊಡೆಯುವ ಸೆಲ್ವಂಗೆ ಹೇಳಿ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ಆದರೆ ಒಂದು ಸಲವೂ ಆ ಹೊಸಿಲು ದಾಟಿದವರಲ್ಲ ನೀವು. ನಾನು ಇದನ್ನು ನೆನಪಿಟ್ಟುಕೊಳ್ಳಬೇಕಿತ್ತು.

ಆ ವರ್ಷದ ಹಬ್ಬದ ಬೆಳಿಗ್ಗೆ ನನ್ನ ಹೆಂಡತಿ ವಸುಧಾ ಬಂಗಾರಪೇಟೆಯ ಆಸ್ಪತ್ರೆಯಲ್ಲಿದ್ದಳು. ಎರಡು ಸಲ ಮಗು ಹೊಟ್ಟೆಯಲ್ಲೇ ಹೋಗಿತ್ತು, ಇದು ಮೂರನೆಯದು. ಸಂಜೆಯವರೆಗೂ ಏನೂ ಹೇಳಲಾಗದು ಅಂದಿದ್ದರು ಡಾಕ್ಟರು. "ನೀನಿಲ್ಲಿದ್ದರೆ ಡಾಕ್ಟರಿಗೇ ಪಾಠ ಮಾಡ್ತೀಯ, ಅಮ್ಮ ಇದ್ದಾರಲ್ಲ, ಹೋಗಿ ಬಾಗಿಲು ತೆಗೆದು ಬಾ," ಎಂದು ವಸುಧಾ ನನ್ನನ್ನು ಕಳಿಸಿದಳು. ಕೋಣೆಯ ಬೀಗದ ಕೈ ನನ್ನ ಹತ್ತಿರವಿತ್ತು. ಅಥವಾ ನಾನೇ ಹೋಗುತ್ತೇನೆ ಅಂದೆನೋ— ಅಲ್ಲಿರಲು ಹೆದರಿ? ಅವಳನ್ನು ಕೇಳಿದರೆ, ತಾನೇ ಕಳಿಸಿದ್ದು ಎನ್ನುತ್ತಾಳೆ. ಅವಳು ಒಳ್ಳೆಯವಳು, ಹಾಗೆನ್ನುವವಳೇ.

ಫೋನನ್ನು ಗೇಟಿನಲ್ಲಿ ಕೊಟ್ಟು ಒಳಗೆ ಹೋಗಬೇಕಲ್ಲವೇ? ಅಲ್ಲಿಂದ ಮುಂದೆ ಹೊರಗಿನ ಸುದ್ದಿಯೇ ಇಲ್ಲ. ಹೆಂಗಸರು ಮಕ್ಕಳೆಲ್ಲ ಹೊಸಬಟ್ಟೆ ತೊಟ್ಟು ಶಾಪಿನೊಳಗೆ ಓಡಾಡುತ್ತಿದ್ದರು. ಮನೆಯವರಿಗೆ ವರ್ಷದಲ್ಲಿ ಬಾಗಿಲು ತೆರೆಯುವುದು ಅದೊಂದೇ ದಿನ. ನನಗೆ ಯಾರ ಮುಖವೂ ಬೇಕಾಗಿರಲಿಲ್ಲ. ಕೋಣೆಯೊಳಗೆ ಹೋದೆ. ಹೊಸಿಲ ಹೊರಗೆ ನೀವು ಇಟ್ಟುಹೋಗಿದ್ದ ಬಟ್ಟಲು ಇತ್ತು, ನೀರಿನಲ್ಲಿ ಕಲಸಿದ ಕುಂಕುಮ. ಹಿತ್ತಾಳೆಯದೋ ಸ್ಟೀಲಿನದೋ, ಈಗ ನೆನಪಿಲ್ಲ. ತಮಟೆ ಶುರುವಾಗಿತ್ತೇ? ಒಂದು ನೆನಪಿನಲ್ಲಿ ಕಿವಿ ಕಿತ್ತುಹೋಗುವಷ್ಟು ಸದ್ದಿದೆ. ಇನ್ನೊಂದರಲ್ಲಿ ಏಸಿಯ ಗುಂಯ್‌ಗುಡುವಿಕೆ ಬಿಟ್ಟು ಏನೂ ಇಲ್ಲ. ಯಾವುದನ್ನು ನಂಬಲಿ?

ಪೆಟ್ಟಿಗೆ ತೆರೆದದ್ದು ಮಾತ್ರ ನೆನಪಿದೆ. ದೇವರ ಮುಂದೆ ನಿಲ್ಲುವುದು ನನಗೆ ಬರುತ್ತಿರಲಿಲ್ಲ. ಈ ಲೋಕದಲ್ಲಿ ನಾನು ಪೂರ್ತಿ ನಂಬಿದ್ದ ವಸ್ತು ಯಾವುದು ಎಂದರೆ ಆ ಪೆಟ್ಟಿಗೆಯಲ್ಲಿದ್ದ ಉಕ್ಕು, ಅಷ್ಟೇ. ಹೊಸಿಲಿಗೆ ಹೋಗಿ ಹೆಬ್ಬೆರಳನ್ನು ಬಟ್ಟಲಲ್ಲಿ ಅದ್ದಿ ಬಂದು ಐವತ್ತು ಮಿಲಿಮೀಟರಿನ ತುಂಡಿನ ಮೇಲೆ ಒತ್ತಿದೆ. ಏನು ಕೇಳಿಕೊಂಡೆ— ಮಾತುಗಳು ಇರಲಿಲ್ಲ ಅನ್ನಿಸುತ್ತದೆ. ಒಂದು ತುಂಡು ಬಟ್ಟೆ ಸಾಕಿತ್ತು ಒರೆಸಲು. ಒರೆಸಲಿಲ್ಲ. ಮರೆತೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಬೇರೆಯೇ ಇರಬೇಕು. ಒರೆಸಿದರೆ ಅಲ್ಲಿ ಆಸ್ಪತ್ರೆಯಲ್ಲಿ ಏನಾದರೂ ಆದೀತು ಎಂದು ಹೆದರಿದೆ. ನಾನು, ಹೆದರಿದೆ. ಮುಚ್ಚಳ ಮುಚ್ಚಿ ಹೊರಗೆ ಬಂದೆ.

ಆಮೇಲೆ ಆಸ್ಪತ್ರೆಯಿಂದ ಫೋನು ಬಂತೆಂದು ಗೇಟಿನ ಕಾವಲಿನವರು ಓಡಿ ಬಂದದ್ದು ನಿಮಗೆ ನೆನಪಿರಬೇಕು. ಹೆಣ್ಣು ಮಗು, ಇಬ್ಬರೂ ಸುಖ. ಎಲ್ಲರಿಗಿಂತ ಮೊದಲು ಕೂಗಿದವರು ನೀವು.

"ಲಕ್ಷ್ಮಿ ಬಂದವ್ಳೆ ಸಾರ್! ಆಯುಧಪೂಜೆ ದಿನ ಉಟ್ಟವ್ಳೆ, ನಿಮ್ಮುನ್ನ ಬಗ್ಗಿಸಿ ಇಡ್ತಾಳೆ ನೋಡ್ತಾ ಇರಿ!"

ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಅಂಗೈ ಮೇಲಿಟ್ಟುಕೊಂಡು, ಮೆಷಿನ್ನುಗಳ ಸಾಲಿನ ಮುಂದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕಿ ಕುಣಿಯುವುದು ನಿಮ್ಮ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲೆ ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅವತ್ತು ಅದನ್ನು ತಂದು ನನ್ನ ಕೈಗೆ ಇಟ್ಟಿರಿ.

"ನನಗೆ ಕುಣಿಯೋಕೆ ಬರಲ್ಲ, ಮುನಿಯಪ್ಪ."

"ಯಾರ್ಗ್ ಬತ್ತದೆ ಸಾರ್? ಕಾಯಿ ಬೀಳದಂಗೆ ನೋಡ್ಕಳಿ, ಕಾಲು ಅದ್ರ ಪಾಡಿಗೆ ಅದು ಆಡ್ತದೆ."

"ಆಡುಂಗ ಸಾರ್, ಆಡುಂಗ!" ಕುಣಿಯಿರಿ ಎಂದು ತನ್ನ ತಮಿಳಿನಲ್ಲಿ ಕೂಗುತ್ತಾ ಸೆಲ್ವಂ ತಮಟೆಯನ್ನು ನನ್ನ ಕಿವಿಯ ಹತ್ತಿರವೇ ತಂದ. ಕುಣಿದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ನನ್ನ ಬೆನ್ನ ಹಿಂದೆಯೇ ಹೆಜ್ಜೆ ಹಾಕುತ್ತಾ, ಎರಡೂ ಕೈ ಚಾಚಿ, ನಾನು ಬಿದ್ದರೆ ಹಿಡಿಯಲು ನೀವಿದ್ದಿರಿ. ನನ್ನ ಬದುಕಿನಲ್ಲಿ ಅಷ್ಟು ಹಗುರಾದ ದಿನ ಇನ್ನೊಂದಿಲ್ಲ. ಆ ವರ್ಷದ ಕಾಯಿಯೇ ನಿಮ್ಮ ಪಾಲಿನ ಕೊನೆಯದು, ಅದನ್ನೂ ನನಗೆ ಕೊಟ್ಟುಬಿಟ್ಟಿದ್ದಿರಿ ಎಂದು ಅವತ್ತು ಇಬ್ಬರಿಗೂ ತಿಳಿದಿರಲಿಲ್ಲ.

ರಜೆ ಮುಗಿಸಿ ಬಂದು ಪೆಟ್ಟಿಗೆ ತೆರೆದಾಗ ಉಕ್ಕಿನ ಮೇಲೆ ಕೆಂಪು ಒಣಗಿ ಅಡಿಯಲ್ಲಿ ತುಕ್ಕು ಹಿಡಿದಿತ್ತು. ಪಕ್ಕದ ಎರಡು ತುಂಡುಗಳಿಗೂ ಇಳಿದಿತ್ತು. ಮ್ಯಾನೇಜರು ಬಂದರು. ಹಬ್ಬದ ದಿನ ಕೋಣೆಯ ಬಾಗಿಲು ತೆರೆದೇ ಇತ್ತು, ಯಾರು ಬೇಕಾದರೂ ಹೋಗಿರಬಹುದು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಕುಂಕುಮ ಇಟ್ಟೋರು ಯಾರು?"

ನಾನು ಹೇಳಿದ್ದು ಇದು: "ಪೂಜೆ ಮಾಡೋದು ಮುನಿಯಪ್ಪ ಅಲ್ವಾ ಸಾರ್."

ಒಂದಕ್ಷರವೂ ಸುಳ್ಳಲ್ಲ. ಅದನ್ನು ಎಷ್ಟು ಎಚ್ಚರದಿಂದ ಜೋಡಿಸಿದ್ದೆ ಎಂದು ಈಗ ನೋಡಿದರೆ ನನಗೇ ಅಸಹ್ಯ. ಕೆಲಸಕ್ಕೆ ಕುತ್ತು ಬಂದೀತು ಎಂಬ ಭಯವೂ ಅಲ್ಲ ಅದು. ಕುಂಕುಮ ಇಟ್ಟವನು ನಾನು ಎಂದರೆ ಶಾಪು ಇಡೀ ನಗುತ್ತದೆ— ಅಷ್ಟೇ. ಗೇಜು ಕೆಡಿಸಿದ್ದಕ್ಕಿಂತ ಬೇಡಿಕೊಂಡದ್ದು ನನಗೆ ಹೆಚ್ಚು ನಾಚಿಕೆಯ ವಿಷಯವಾಗಿತ್ತು.

ನಿಮ್ಮನ್ನು ಕರೆಸಿದರು. ನೀವು "ನಾನಲ್ಲ" ಎಂದು ಕೂಗುತ್ತೀರಿ, ಆಗ ನಾನು ಬಾಯಿಬಿಡುತ್ತೇನೆ ಎಂದು— ಹೌದು, ಹಾಗೆ ಕಾಯುತ್ತಿದ್ದೆ. ನೀವು ಪೆಟ್ಟಿಗೆಯನ್ನು ನೋಡಿದಿರಿ. ನನ್ನನ್ನು ನೋಡಿದಿರಿ. ನಿಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡಿರಿ.

"ನಾನ್ ಒಳಕ್ಕೆ ಓಗಿದ್ದು ನೆಪ್ಪಿಲ್ಲ ಸಾರ್. ಆದ್ರೆ ನನ್ನ ಬಿಟ್ರೆ ಯಾರ್ ಇಡ್ತಾರೆ? ಅಬ್ಬದ ಗಲಾಟೇಲಿ ಕೈ ತಪ್ಪಿರ್ತದೆ. ವಯಸ್ಸಾಯ್ತು, ಮರೆವು."

ನನಗೆ ಮರೆವಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ.

ಮುಂದಿನ ವರ್ಷದಿಂದ ಪೂಜೆಗೆ ಹೊರಗಿನ ಪುರೋಹಿತರನ್ನು ಕರೆಸಲಾಗುವುದು ಎಂದು ಫಲಕದ ಮೇಲೆ ನೋಟಿಸು ಬಂತು. ನಿಮ್ಮ ಹೆಸರು ಅದರಲ್ಲಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆ ಮುಂದಿನ ವರ್ಷ ನಿಮ್ಮ ನೌಕರಿಯ ಕೊನೆಯ ಆಯುಧಪೂಜೆ. ನಾರಾಯಣಮ್ಮನವರು ಕಾಮಸಮುದ್ರದ ಕಡೆಯ ನಿಮ್ಮ ಊರಿನಿಂದ ಎರಡು ಬಸ್ಸು ಬದಲಿಸಿ, ಹಸಿರು ರೇಷ್ಮೆ ಸೀರೆಯುಟ್ಟು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು, ನೀವು ಪೂಜೆ ಮಾಡುವುದನ್ನು ತೋರಿಸಲು. ನೀವು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಿರಿ. ನಾನು ನಿಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

"ಏನಯ್ಯಾ, ಇಲ್ಲಿ ನಿಂತಿದ್ದೀಯ? ಪೂಜೆ ನೀನ್ ಮಾಡಕಿಲ್ವಾ?" ಎಂದರು ನಾರಾಯಣಮ್ಮನವರು.

"ಸೊಂಟ ಇಡ್ಕಂಡದೆ ಕಣೇ. ಬಗ್ಗಕ್ಕಾಗಲ್ಲ."

"ನೆನ್ನೆ ಉಲ್ಲಿನ ಒರೆ ಒತ್ಕಂಡ್ ಬಂದಾಗ ಎಲ್ಲೋಗಿತ್ತು ಈ ಸೊಂಟ?"

ನೀವು ನಕ್ಕಿರಿ. ತಮಟೆ ಬಡಿಯಿತು, ಸೆಲ್ವಂ ನಿಮ್ಮ ಕಡೆ ಎರಡು ಸಲ ನೋಡಿದ. ನೀವು ಕುಣಿಯಲಿಲ್ಲ. ಮೊಮ್ಮಗಳಿಗೆ ಕಡ್ಲೆಪುರಿ ಕೊಡಿಸಿ, ನಿಮ್ಮ ಲೇತನ್ನು ದೂರದಿಂದ ತೋರಿಸಿ ಕರೆದುಕೊಂಡು ಹೋದಿರಿ.

ಇಷ್ಟಾದ ಮೇಲೂ ನಾನು ಸುಖವಾಗಿಯೇ ಇದ್ದೆ. ನೆನಪು ನಂಬಿಕೆಗೆ ಅರ್ಹವಲ್ಲ ಎಂದು ಓದಿದ್ದೆನಲ್ಲ. ಪ್ರತಿ ಸಲ ನೆನೆದಾಗಲೂ ಅದು ಬದಲಾಗುತ್ತದೆ, ಹಾಗಾಗಿ ನಾನೇ ಇಟ್ಟೆ ಎಂಬುದೂ ಆಮೇಲೆ ಕಟ್ಟಿಕೊಂಡ ನೆನಪಿರಬಹುದು ಎಂದು ವಾದ ಹೂಡಿಕೊಳ್ಳುತ್ತಿದ್ದೆ.

ಹೋದ ತಿಂಗಳು ನಾವು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕೆವು. ನಾನು ಮಗಳು ನಿಧಿಯ ಜೊತೆ ಮಾರಿಕುಪ್ಪಂ ಟ್ರೇನಿಗೆ ಕಾಯುತ್ತಿದ್ದೆ. ನೀವು ಅವಳ ಗಲ್ಲ ಹಿಡಿದು, "ಇವ್ಳೇನಾ ಸಾರ್ ನಮ್ ಲಕ್ಷ್ಮಿ?" ಎಂದಿರಿ. ಮನೆಯಲ್ಲಿ ನಿಮ್ಮ ಕುಂಬಳಕಾಯಿಯ ಕತೆ ಅವಳು ಹತ್ತಾರು ಸಲ ಕೇಳಿದ್ದಾಳೆ.

"ತಾತ, ನೀವು ಈಗ್ಲೂ ಹಬ್ಬದ ದಿನ ಪೂಜೆ ಮಾಡಿ ಕುಣೀತೀರಾ?"

"ಎಲ್ಲಿ ಕುಣಿಯಾದು ಕಣವ್ವ! ಮನೇಲಿ ನೇಗ್ಲುಗೂ ಅಸುಗೂ ಕುಂಕುಮ ಇಡಾದು ಅಜ್ಜೀನೇ. ನನ್ ಕೈನ ನಾನೇ ನಂಬಂಗಿಲ್ಲ. ಒಂದ್ ಸಲ ಇಡಬಾರದ ಕಡೆ ಇಟ್ಬುಟ್ಟು, ಇಟ್ಟಿದ್ದೇ ಮರ್ತೋಗಿದ್ದೆ. ಬೇಕಾದ್ರೆ ನಿಮ್ಮಪ್ಪನ್ನೇ ಕೇಳು."

ನಗುತ್ತಲೇ ಅಂದಿರಿ. ನಿಧಿ ನನ್ನ ಕಡೆ ನೋಡಿದಳು. ಟ್ರೇನು ಬಂತು, ಹತ್ತಿದೆವು. ಊರಿಗಾಂ ಸ್ಟೇಷನ್ ಬರುವವರೆಗೂ ಅವಳು ಕೇಳುತ್ತಲೇ ಇದ್ದಳು, "ತಾತ ಎಲ್ಲಿ ಇಟ್ಟಿದ್ರಪ್ಪಾ?" "ಎಲ್ಲೂ ಇಲ್ಲ," ಎಂದೆ. ಅದು ನಿಜವಾಗಿತ್ತು, ಅವಳಿಗೆ ಅದು ಅರ್ಥವಾಗುವಂತೆ ಹೇಳಲಿಲ್ಲ ಅಷ್ಟೇ. ಮತ್ತೆ ಅದೇ ಜಾತಿಯ ಮಾತು.

ನಿಮ್ಮ ಪೂಜೆ ಕಳೆದೆ, ಕುಣಿತ ಕಳೆದೆ ಎಂದು ಗೊತ್ತಿತ್ತು. ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೂ ಕಳೆದೆ ಎಂದು ಗೊತ್ತಿರಲಿಲ್ಲ. ಕೂದಲೆಳೆಯ ದಪ್ಪವನ್ನು ಬೆರಳಲ್ಲೇ ಹೇಳುತ್ತಿದ್ದ ಕೈ ಅದು.

ಇನ್ನೊಂದು ವಿಷಯ ಉಳಿದಿದೆ, ಅದೇ ಕಷ್ಟದ್ದು. ಕೆಟ್ಟುಹೋದ ಆ ಉಕ್ಕಿನ ತುಂಡು ಗುಜರಿಗೆ ಹೋಗಲಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿದೆ. ತುಕ್ಕು ಹಿಡಿದಿರುವುದು ಸುಮ್ಮನೆ ಕಲೆಯ ಹಾಗಲ್ಲ. ಒಂದು ಹೆಬ್ಬೆರಳಿನ ಗುರುತು, ಗೆರೆ ಗೆರೆಯಾಗಿ ಮೂಡಿದೆ. ನಿಮ್ಮನ್ನು ಕರೆಸಿದ ದಿನವೇ, ನೀವು ಆಚೆ ಹೋದ ಮೇಲೆ, ಬಾಗಿಲು ಹಾಕಿಕೊಂಡು ನನ್ನ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದಕ್ಕೊತ್ತಿ, ಭೂತಗನ್ನಡಿಯಲ್ಲಿ ಎರಡನ್ನೂ ನೋಡಿದ್ದೆ. ಗೆರೆಗೆ ಗೆರೆ ಕೂಡಿತ್ತು. ಹಾಗಾಗಿ ನೆನಪಿನ ಮೇಲೆ ನಾನು ಹೊರಿಸಿದ ಅನುಮಾನವೆಲ್ಲ ಬೂಟಾಟಿಕೆ. ಬಟ್ಟಲು ಯಾವ ಲೋಹದ್ದೋ ಅನುಮಾನಿಸಬಹುದು. ಬೆರಳು ಯಾರದೆಂದು ಮೊದಲ ದಿನದಿಂದಲೂ ಗೊತ್ತಿತ್ತು.

ನಿನ್ನೆ ಸಂಜೆ ನಿಧಿಗೆ ಎಲ್ಲವನ್ನೂ ಹೇಳಿದೆ. "ತಾತನಿಗೆ ಹೇಳಿದ್ಯಾ?" ಎಂದಳು. ಇಲ್ಲ ಎಂದೆ. ಎದ್ದು ಒಳಗೆ ಹೋದಳು.

ನಾಳೆ ಬೆಳಿಗ್ಗೆ, ಆ ನೋಟಿಸು ಹಚ್ಚಿದ್ದ ಫಲಕದ ಮೇಲೆಯೇ, ಈ ಕಾಗದದ ಮೊದಲ ಎರಡು ಮಾತುಗಳನ್ನು ಬರೆದು, ಕೆಳಗೆ ನನ್ನ ಹೆಸರು ಹಾಕಿ ಹಚ್ಚುತ್ತೇನೆ. ನಗುವವರು ನಗಲಿ. ಭಾನುವಾರ ಕಾಮಸಮುದ್ರದ ಬಸ್ಸು ಹತ್ತಿ ನಿಮ್ಮ ಮನೆಗೆ ಬಂದು, ನಿಮ್ಮಿಬ್ಬರ ಮುಂದೆ ಇದನ್ನು ನಾನೇ ಓದುತ್ತೇನೆ. ಉಕ್ಕಿನ ತುಂಡನ್ನೂ ತರುತ್ತೇನೆ. ನೀವು ಅದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಗೆರೆಗಳನ್ನು ನೀವೇ ನೋಡಬೇಕು. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ಮುಂದಿನ ಹಬ್ಬಕ್ಕೆ ನೀವು ನೇಗಿಲಿಗೆ ಬೊಟ್ಟಿಡುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು.

ನಿಮ್ಮ ಕೈ ತಪ್ಪಿರಲಿಲ್ಲ, ಮುನಿಯಪ್ಪನವರೇ. ಯಾವತ್ತೂ ತಪ್ಪಿರಲಿಲ್ಲ.