ಖಣಿಯ ಅಂಚಿನಲ್ಲಿ ಕುಳಿತಿದ್ದಾಕೆ

ಶಹಾಬಾದಿನಲ್ಲಿ ನಾನು ಅಂಗನವಾಡಿ ಟೀಚರ್. ಮಧ್ಯಾಹ್ನ ಕೇಂದ್ರಕ್ಕೆ ಬೀಗ ಹಾಕಿ ಮನೆಗೆ ಬರುವಾಗ ಹಳೆಯ ಕಲ್ಲುಖಣಿಯ ಪಕ್ಕದ ಕಾಲುದಾರಿ ಹಿಡಿಯುತ್ತೇನೆ. ಅಲ್ಲಿ ಕಲ್ಲು ತೆಗೆಯುವುದು ನಿಂತು ಎಷ್ಟೋ ವರ್ಷಗಳಾಗಿವೆ. ಈಗ ಬರೀ ಹಸಿರು ನೀರು; ತಳ ಕಂಡವರಿಲ್ಲ.

ಗುರುತಿಲ್ಲದವರು ಎದುರಾದರೆ ನೆಲ ನೋಡಿಕೊಂಡು ನಡೆಯುವವಳು ನಾನು. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಮುದುಕನೊಬ್ಬ ತಲೆ ಸುತ್ತಿ ಬಿದ್ದಾಗ, ರೈಲು ತಪ್ಪೀತೆಂದು ದಾಟಿ ಹೋಗಿದ್ದೆ. ಮನೆಯ ಪ್ರಾರ್ಥನೆಯಲ್ಲಿ ಮಾತ್ರ ‘ಎಲ್ಲ ಜನರನ್ನೂ ಕಾಪಾಡು ಕರ್ತನೇ’ ಎಂದು ತಪ್ಪದೇ ಹೇಳುತ್ತಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಖಣಿಯ ಅಂಚಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಕಾಲು ನೀರಿನ ಕಡೆ ಇಳಿಬಿಟ್ಟಿದ್ದಳು. ಹಿಂದೆ ಚಪ್ಪಲಿ ಜೋಡಿಸಿಟ್ಟು, ಅವುಗಳ ಮೇಲೆ ಮೊಬೈಲ್ ಇಟ್ಟಿದ್ದಳು. ನೋಡಿದ ಕೂಡಲೇ ಅರ್ಥವಾಯಿತು. ಆದರೂ ನಿಲ್ಲಲಿಲ್ಲ. ನಾಳೆ ಪೊಲೀಸರು ಕೇಳಿದರೆ? ಅವಳ ಕಡೆಯವರು ನನ್ನ ಮೇಲೆಯೇ ಬಂದರೆ?

“ಕರ್ತನೇ, ಯಾರನ್ನಾದರೂ ಕಳಿಸು” ಎನ್ನುತ್ತ ಬೇಗಬೇಗ ನಡೆದೆ. ಇಪ್ಪತ್ತು ಹೆಜ್ಜೆ ಹೋಗಿರಬೇಕು. ದಾರಿಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲ. ಆ ಬಿಸಿಲಿಗೆ ನಾಯಿ ಕೂಡ ಇರಲಿಲ್ಲ. ಕಳಿಸಲು ಅಲ್ಲಿ ಇದ್ದವಳು ನಾನೊಬ್ಬಳೇ ಎಂದು ಹೊಳೆಯಿತು. ತಿರುಗಿ ಬಂದೆ. ಬಾಯಲ್ಲಿ “ಸ್ವಾಮಿ, ಸ್ವಾಮಿ” ಎಂಬುದು ಬಿಟ್ಟರೆ ಬೇರೆ ಪ್ರಾರ್ಥನೆ ಬರಲಿಲ್ಲ.

“ಹೋಗ್ರಿ. ನಿಮ್ಮ ದಾರಿ ನೀವು ಹಿಡೀರಿ,” ಎಂದಳು, ತಿರುಗದೆಯೇ.

ಸಮಾಧಾನದ ಮಾತು ಹೇಳಬೇಕೆಂದುಕೊಂಡಿದ್ದೆ. ಎಲ್ಲ ಮರೆತುಹೋಯಿತು. “ತಂಗೀ, ನನಗ ಭಾಳ ಅಂಜಿಕಿ ಬರಾಕತ್ತದವ್ವಾ. ನೋಡು, ಕೈಕಾಲು ಹೆಂಗ ನಡುಗಾಕತ್ತಾವ. ಒಬ್ಬಾಕಿನೇ ಹೋಗಾಕ ಆಗವಲ್ದು. ಮನಿ ತನಕ ನನ್ನ ಜೋಡಿ ಬರ್ತೀಯೇನು?”

ಅದು ನಾಟಕವಾಗಿರಲಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. “ಯಾಕ್ರಿ ಅಕ್ಕಾ, ಅರಾಮ ಇಲ್ಲೇನು?”

“ಇಲ್ಲವ್ವಾ.”

ಏಳಲು ಅವಳು ಕೈಯೂರಿದ ಕಲ್ಲು ಅಲುಗಿತು. ಕೆಳಗೆ ಚೂರುಗಳು ನೀರಿಗೆ ಬಿದ್ದ ಸದ್ದು ಕೇಳಿ ನಾನು ಕಣ್ಣು ಮುಚ್ಚಿ ಅವಳ ತೋಳನ್ನು ಎರಡೂ ಕೈಯಿಂದ ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ನನ್ನ ಮೊಣಕೈ ತರಚಿತು. ಮನೆ ಮುಟ್ಟುವವರೆಗೆ ಆ ತೋಳು ಬಿಡಲಿಲ್ಲ.

ರೊಟ್ಟಿ, ಬ್ಯಾಳಿ ಬಡಿಸಿದೆ. ಹಿಂದಿನ ದಿನದಿಂದ ಅವಳು ಉಂಡಿರಲಿಲ್ಲ. ತೆಂಗಳಿ ಊರಿನ ಕಡೆಯ ಮನೆಯೊಂದರ ಸೊಸೆ. ಎರಡು ಸಲ ಬಸಿರು ಇಳಿದು, ಅತ್ತೆಮನೆಯಲ್ಲಿ ದಿನವೂ ಚುಚ್ಚುಮಾತು. ಚಿತ್ತಾಪುರದಲ್ಲಿದ್ದ ಅವಳ ಅಕ್ಕನಿಗೆ ಫೋನ್ ಹಚ್ಚಿಕೊಟ್ಟೆ. ಅಕ್ಕನ ಬಸ್ ಬರುವವರೆಗೆ ಏನು ಮಾಡಬೇಕೆಂದು ತಿಳಿಯದೆ, “ನಿನಗಾಗಿ ಪ್ರಾರ್ಥನಾ ಮಾಡ್ಲೇನು?” ಎಂದೆ.

“ನಿಮ್ಮ ದೇವರಿಗೆ ನನ್ನ ಹೆಸರೇ ಗೊತ್ತಿಲ್ಲಲ್ರಿ.”

“ನನಗೂ ಗೊತ್ತಿಲ್ಲವ್ವಾ. ಹೇಳು.”

ಹೇಳಿದಳು. ಆ ಹೆಸರು ಹಿಡಿದು ಪ್ರಾರ್ಥಿಸಿದೆ. ಅವಳು ಅತ್ತಳು.

ಸಂಜೆಗೆ ಅಕ್ಕ ಬಂದು ಕರೆದುಕೊಂಡು ಹೋದಳು. ಈಗ ಅವಳು ಚಿತ್ತಾಪುರದಲ್ಲೇ ಇದ್ದಾಳೆ. ಡಾಕ್ಟರರಿಗೆ ತೋರಿಸಿಕೊಳ್ಳುತ್ತಾಳೆ, ಹೊಲಿಗೆ ಕಲಿಯುತ್ತಾಳೆ. ಭಾನುವಾರ ನಾನು ಚರ್ಚಿನಿಂದ ಬರುವ ಹೊತ್ತಿಗೆ ಅವಳ ಫೋನ್ ಬರುತ್ತದೆ. ಒಂದೆರಡು ಸಲ ತಡವಾದಾಗ, ಬರುವವರೆಗೂ ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದೇನೆ.