ದೇವರಿಗೆ ಮಾತ್ರ ತಂದ ಮಲ್ಲಿಗೆ

ಡೊಂಬಿವಲಿ ಸ್ಟೇಷನ್ನಿನ ಹೊರಗೆ ನಮ್ಮ ಕಡೆಯವರೊಬ್ಬರು ಉಡುಪಿ ಮಲ್ಲಿಗೆ ಮಾರುತ್ತಾರೆ. ಊರಿನ ಬಸ್ಸಿನಲ್ಲಿ ಬಂದ ಹೂವು. ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿದ್ದು. ಬಿಚ್ಚಿದರೆ ಇನ್ನೂ ತಂಪು. ಶುಕ್ರವಾರ ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದರು, “ಅಮ್ಮಾ, ನಿಮ್ಮ ತಲೆಗೆ ಒಂದು ತುಂಡು ಬೇರೆ ಕೊಡ್ಲಾ?” ನಾನು “ಬೇಡ, ದೇವರಿಗೆ ಮಾತ್ರ” ಎನ್ನುತ್ತಿದ್ದೆ. ಬರಬರುತ್ತಾ ಅವರು ಕೇಳುವುದನ್ನೇ ಬಿಟ್ಟರು.

ಅದು ನನ್ನ ಹರಕೆ. ಮಗಳ ಮದುವೆಯಾಗಿ ಕೆಲವು ವರ್ಷ ಕಳೆದರೂ ಮಗುವಿನ ಸುದ್ದಿ ಇರಲಿಲ್ಲ. ಒಂದು ಬೆಳಿಗ್ಗೆ ದೇವರ ಮುಂದೆ ನಿಂತು ಹೇಳಿಕೊಂಡೆ: ಅವಳ ಮಡಿಲು ತುಂಬುವವರೆಗೆ ನಾನು ಮಲ್ಲಿಗೆ ಮುಡಿಯುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಬೈದರೂ ಜಡೆಯೊಳಗೆ ಒಂದು ಚೂರು ಅಡಗಿಸಿಕೊಂಡು ಹೋಗುತ್ತಿದ್ದವಳಿಗೆ ಇದು ಸಣ್ಣ ಮಾತಲ್ಲ. ಆದರೆ ಅದೇ ಸಿಸ್ಟರ್ ಕಲಿಸಿದ ಒಂದು ಪಾಠವನ್ನು ಮಾತ್ರ ನಾನು ಮರೆಯಲಿಲ್ಲ. ಪ್ರೇಯರ್ ಮಾಡಿದ ಮೇಲೆ ಗಡಿಯಾರ ನೋಡಬಾರದು. ದೇವರ ಟೈಮಿಂಗ್ ಬೇರೆ, ನಮ್ಮದು ಬೇರೆ.

ಹರಕೆಯ ವಿಷಯ ಯಜಮಾನರಿಗೊಬ್ಬರಿಗೇ ಹೇಳಿದ್ದೆ. ಕೇಳಿ ಅವರು ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಭಕ್ತಿಯಿಂದ ಸುಮ್ಮನಾದರು ಎಂದುಕೊಂಡೆ. ಆಮೇಲಿನ ವರ್ಷಗಳಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಯಾರದ್ದಾದರೂ ಸೀಮಂತಕ್ಕೆ ಹೋಗಿ ಬಂದು ನಾನು ಮೂಗು ಒರೆಸಿಕೊಂಡರೆ, ಅವರದ್ದು ಒಂದೇ ಮಾತು. “ದೇವರಿಗೂ ಟೈಮ್ ಬೇಕಲ್ಲ ಮಾರಾಯ್ತಿ. ಮಗಳ ಹತ್ರ ಮಾತ್ರ ಕೇಳ್ಲಿಕ್ಕೆ ಹೋಗ್ಬೇಡ, ಅವಳಿಗೆ ಬೇಜಾರಾಗ್ತದೆ.” ಎಷ್ಟು ಸೂಕ್ಷ್ಮದ ಮನುಷ್ಯ ಎಂದು ನನಗೆ ಹೆಮ್ಮೆಯಾಗುತ್ತಿತ್ತು. ಎಂಐಡಿಸಿಯ ಕೆಮಿಕಲ್ ಫ್ಯಾಕ್ಟರಿಯಲ್ಲಿ ಜೀವಮಾನವೆಲ್ಲ ಕಳೆದವರಿಗೆ ಇಂಥ ಸಾಫ್ಟ್ ಹೃದಯ ಎಲ್ಲಿಂದ ಬಂತು ಎಂದು.

ನಾನು ಮಗಳನ್ನು ಕೇಳಲಿಲ್ಲ. ಘಣಸೋಲಿಯಿಂದ ಅವಳೂ ಅಳಿಯನೂ ಬಂದು ಉಂಡು ಹೋಗುತ್ತಿದ್ದರು. ನಾನು ನನ್ನ ಹಳೆಯ ಮೆತ್ತಗಿನ ಕಾಟನ್ ಸೀರೆಗಳನ್ನು ಮಗುವಿನ ಬಟ್ಟೆಗೆಂದು ಹರಿದು, ಒಗೆದು, ಒಂದು ಚೀಲದಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದೆ. ದೀಪಾವಳಿಯ ಸಫಾಯಿಗೆ ಸ್ಟೂಲ್ ಹತ್ತುವವರು ಯಜಮಾನರೇ. ಒಂದು ವರ್ಷ ಬೇಸರ ಬಂದು “ಅದನ್ನು ಕೆಲಸದವಳಿಗೆ ಕೊಟ್ಟುಬಿಡಿ” ಎಂದೆ. ಅವರು ಚೀಲದ ಧೂಳು ಕೊಡವಿ ಮತ್ತೆ ಒಳಗೆ ತಳ್ಳಿ, “ಇರ್ಲಿ, ಬೇಕಾಗ್ತದೆ” ಎಂದರು.

ಆ “ಬೇಕಾಗ್ತದೆ”ಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹೋದ ವರ್ಷ ಒಂದು ಭಾನುವಾರ ಮಗಳು ಒಬ್ಬಳೇ ಬಂದಿದ್ದಳು. ಫ್ಯಾಕ್ಟರಿಗಳ ಕಡೆಯಿಂದ ವಾಸನೆ ಬರುತ್ತಿತ್ತೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಅವಳ ಕಿವಿಯ ಹತ್ತಿರ ಬಿಳಿಗೂದಲು ಕಂಡಿತು. ಅಂದು ಮೊದಲ ಸಲ ಬಾಯಿಬಿಟ್ಟೆ. “ಬದಲಾಪುರದ ಹತ್ರ ಒಂದು ದೇವಸ್ಥಾನ ಇದೆಯಂತೆ ಮಗಾ. ಸಂತಾನಕ್ಕೆ ಪೂಜೆ ಮಾಡಿಸ್ತಾರೆ. ನೀವಿಬ್ಬರೂ ಒಮ್ಮೆ ಬರ್ತೀರಾ?”

ಅವಳು ನನ್ನನ್ನು ನೋಡಲಿಲ್ಲ. ಅಪ್ಪನ ಕಡೆ ತಿರುಗಿದಳು. “ಪಪ್ಪಾ, ನೀವು ಅಭೀ ತಕ್ ಹೇಳಿಲ್ವಾ?”

ಯಜಮಾನರು ತಟ್ಟೆಯಲ್ಲಿ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು.

“ನಮಗೆ ಮಗು ಬೇಡ ಮಮ್ಮಿ. ಇಬ್ಬರದ್ದೂ ಡಿಸಿಶನ್. ಮದುವೆಯ ಮರುವರ್ಷವೇ ಪಪ್ಪನಿಗೆ ಹೇಳಿದ್ದೆ. ‘ಮಮ್ಮಿಗೆ ನಾನೇ ನಿಧಾನಕ್ಕೆ ಹೇಳ್ತೇನೆ, ನೀನು ಹೇಳ್ಬೇಡ’ ಅಂದ್ರು ಪಪ್ಪ.” ಮತ್ತೆ ದನಿ ತಗ್ಗಿಸಿ, “ನೀನು ಯಾವತ್ತೂ ಕೇಳ್ಲಿಲ್ಲ ನೋಡು. ಆಕ್ಸೆಪ್ಟ್ ಮಾಡಿದ್ದಿ ಅಂದ್ಕೊಂಡೆ. ನಮ್ಮ ಮಮ್ಮಿ ಎಷ್ಟು ಕೂಲ್ ಅಂತ ಫ್ರೆಂಡ್ಸಿಗೆಲ್ಲ ಹೇಳ್ತಿದ್ದೆ.”

ಮದುವೆಯ ಮರುವರ್ಷ. ಎಂದರೆ ನಾನು ಹರಕೆ ಹೇಳಿಕೊಳ್ಳುವ ಮೊದಲೇ.

ಅವಳು ಹೋದ ಮೇಲೆ ಕೇಳಿದೆ, “ಯಾಕೆ?”

“ಹೇಳಿದ್ರೆ ನೀನು ಕುಸಿದುಹೋಗ್ತಿದ್ದಿ. ದೇವರ ಮೇಲೆ ಭಾರ ಹಾಕಿ ಸಮಾಧಾನದಲ್ಲಿ ಇದ್ದಿ. ಅದನ್ನು ಯಾಕೆ ಕೆಡಿಸ್ಬೇಕು?”

“ನಾನು ಶುಕ್ರವಾರ ಶುಕ್ರವಾರ ಹೂವಿಲ್ಲದ ತಲೆಯಲ್ಲಿ ದೇವರ ಹೂವಿನ ಕಟ್ಟು ಬಿಚ್ಚುವಾಗ ನೀವು ಎದುರು ಕೂತು ಚಾ ಕುಡಿತಿದ್ರಿ.”

ಅವರು ಎದ್ದು ಹೋಗಿ ಮುಚ್ಚಿದ್ದ ಕಿಟಕಿಯೊಂದನ್ನು ತೆರೆದರು.

ಮಗಳ ಮೇಲೆ ನನಗೆ ಸಿಟ್ಟಿಲ್ಲ. ಅದು ಅವಳ ಬದುಕು. ಯಜಮಾನರು ಮೋಸ ಮಾಡಿದರು, ಸರಿ; ಮನುಷ್ಯರು, ಹೆದರಿದರು. ಆದರೆ ದೇವರಿಗೂ ಗೊತ್ತಿತ್ತಲ್ಲ. ನಾನು ಕೈಮುಗಿದಾಗಲೆಲ್ಲ, ಯಾರೂ ಬಯಸದ ಒಂದನ್ನು ನಾನೊಬ್ಬಳೇ ಬೇಡುತ್ತಿದ್ದೇನೆಂದು ಗೊತ್ತಿದ್ದೂ ಸುಮ್ಮನೆ ಹೂ ಏರಿಸಿಕೊಂಡ. ಆ ಮೌನವನ್ನು ನಾನು ‘ವೇಟ್ ಮಾಡು’ ಎಂದು ಅರ್ಥ ಮಾಡಿಕೊಂಡಿದ್ದೆ. ಎಂಥ ಸ್ಟುಪಿಡ್ ಹೆಂಗಸು. ಆ ವಾರ ದೀಪ ಹಚ್ಚಿದೆ, ಪ್ರಾರ್ಥನೆ ಬರಲಿಲ್ಲ. ಇಬ್ಬರು ಗಂಡಸರು ಸೇರಿ ನನ್ನಿಂದ ಒಂದು ಸಂಗತಿ ಮುಚ್ಚಿಟ್ಟಂತೆ ಅನಿಸುತ್ತಿತ್ತು. ಒಬ್ಬರು ಸೋಫಾದಲ್ಲಿ, ಒಬ್ಬರು ದೇವರ ಗೂಡಿನಲ್ಲಿ.

ಹರಕೆಯನ್ನು ಹಾಗೆಯೇ ಬಿಡುವಂತಿಲ್ಲ. ನೆರವೇರದ ಹರಕೆಯಿಂದ ಬಿಡುಗಡೆ ಬೇಕಿದ್ದರೆ ದೇವರಿಗೆ ತಪ್ಪುಕಾಣಿಕೆ ಹಾಕಬೇಕು; ನಮ್ಮಲ್ಲಿ ಹಾಗೆಯೇ ನಡೆದುಬಂದಿದೆ. ನಮ್ಮವರದೇ ದೇವಸ್ಥಾನಕ್ಕೆ ಇಬ್ಬರೂ ಹೋದೆವು. ಭಟ್ಟರು ಎಲ್ಲ ಕೇಳಿ, “ಅದಕ್ಕೆಂತ ಅಮ್ಮಾ, ಒಂದು ತಪ್ಪುಕಾಣಿಕೆ ಹಾಕಿ ಬಿಡಿ” ಎಂದರು.

“ತಪ್ಪು ಯಾರದ್ದು ಭಟ್ರೇ?”

ಅವರು ನಕ್ಕರು. “ಹೆಸರು ಹಾಗೆ ಅಷ್ಟೇ ಅಮ್ಮಾ. ಹರಕೆ ಹೇಳಿದವರು ಹಾಕುದು.”

ಯಜಮಾನರು ಜೇಬಿನಿಂದ ಒಂದು ನಾಣ್ಯ ತೆಗೆದು ನನ್ನತ್ತ ಚಾಚಿದರು. ನಾನು ಕೈ ಒಡ್ಡಲಿಲ್ಲ. “ನೀವೇ ಹಾಕಿ” ಎಂದೆ. ಭಟ್ಟರು ಏನೋ ಹೇಳಹೊರಟವರು, ಇಬ್ಬರ ಮುಖ ನೋಡಿ, ಆರತಿ ತಟ್ಟೆ ಸರಿಮಾಡುತ್ತಾ ನಿಂತರು. ಯಜಮಾನರು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಹುಂಡಿಗೆ ಹಾಕಿದರು. ನನಗೆ ಪಾಪವೆನಿಸಬೇಕಿತ್ತು, ಅನಿಸಲಿಲ್ಲ.

ಪ್ರಸಾದವೆಂದು ಭಟ್ಟರು ದೇವರ ಮೇಲಿನ ಮಲ್ಲಿಗೆಯ ತುಂಡು ಕೊಟ್ಟರು. ಪ್ರಸಾದದ ಹೂವನ್ನು ಬೇಡವೆನ್ನಲು ಬರುವುದಿಲ್ಲ. ಅಲ್ಲೇ ಕಂಬದ ಬಳಿ ನಿಂತು ಮುಡಿಯಲು ನೋಡಿದೆ. ಈ ವರ್ಷಗಳಲ್ಲಿ ಕೂದಲು ಎಷ್ಟು ತೆಳುವಾಗಿತ್ತೆಂದರೆ ಹೂವು ನಿಲ್ಲಲಿಲ್ಲ, ಜಾರಿ ಬಿತ್ತು. ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡೆ.

ರಿಕ್ಷಾ ಹತ್ತಿದ ಮೇಲೆ ಅವರು ಮೆಲ್ಲಗೆ ಕೇಳಿದರು, “ಎಂಥ ಬೇಡಿಕೊಂಡೆ ಇವತ್ತು?”

“ಟೈಮ್ ಬರ್ಲಿ, ಹೇಳ್ತೇನೆ.”

ನಿಜಕ್ಕೂ ಏನೂ ಬೇಡಿಕೊಂಡಿರಲಿಲ್ಲ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.