ಎರಡನೆಯ ಕಮಾನಿನ ರುಕ್ಮಿಣಿಬಾಯಿ

ರುಕ್ಮಿಣಿಬಾಯಿಗೆ ಜಗತ್ತಿನಲ್ಲಿ ನಂಬಿಕೆಯಿದ್ದದ್ದು ಕೊರಳಲ್ಲಿದ್ದ ಇಷ್ಟಲಿಂಗದ ಮೇಲೆ ಮಾತ್ರ. ಉಳಿದವರೆಲ್ಲ ಕಳ್ಳರು. ಅಳೆದುಕೊಟ್ಟ ಕುಸುಬಿ ಎಣ್ಣೆಯನ್ನು ಗಿರಾಕಿ ಮೂಸಿದರೆ ಸಾಕು, ‘ಯಾಕ್ರಿ, ಯಾರೇನ್ ಹೇಳ್ಯಾರ?’ ಎಂದು ಎದ್ದು ನಿಲ್ಲುತ್ತಿದ್ದಳು. ಒಂದು ಅಂಗಡಿ ಆಚೆ ತಂಬಾಕು ಮಾರುತ್ತಿದ್ದ ನನ್ನ ಮೇಲೂ ಗುಮಾನಿಯೇ. ಇರಲಿ ಬಿಡಿ, ನಾನೇನು ಸಂತನಲ್ಲ.

ಹೈದರಾಬಾದಿನಲ್ಲಿ ಮೂಸಿ ಹೊಳೆ ಉಕ್ಕಿ ಹಾಹಾಕಾರವಾದ ಮರುವರ್ಷ ಬೀದರಿನ ಆ ಹಳೆಯ ದಿವಾನಖಾನೆ ಅಂಗಡಿಸಾಲಾಯಿತು. ಹಿಂದೆ ಊರ ಹಿರಿಯರು ಸಭೆ ಸೇರುತ್ತಿದ್ದ ಜಾಗ. ಮುಂದೆ ಸಾಲು ಕಮಾನು, ಮೇಲೆ ಇಡೀ ಸಭಾಂಗಣಕ್ಕೆ ಒಂದೇ ಗುಮ್ಮಟ, ಹಿಂದಿನ ಗೋಡೆಯಲ್ಲಿ ಒಬ್ಬರು ಕೂರುವಷ್ಟು ದೊಡ್ಡ ಗೂಡು. ಸಭೆಯ ಮುಖ್ಯಸ್ಥ ಅದರಲ್ಲಿ ಕೂತೇ ಮಾತಾಡುತ್ತಿದ್ದನಂತೆ. ಕಮಾನಿಗೊಂದರಂತೆ ಅಂಗಡಿ ಮಾಡಲು ನಡುವೆ ಗೋಡೆ ಎಬ್ಬಿಸಿದರು. ಗುಮ್ಮಟದ ಗಚ್ಚಿನ ಹೂಬಳ್ಳಿ ಕೆಡಬಾರದೆಂದು ಮಾಲಕರು ಹಟ ಹಿಡಿದದ್ದರಿಂದ ಗೋಡೆ ಆಳೆತ್ತರಕ್ಕೇ ನಿಂತಿತು. ಗೂಡು ರುಕ್ಮಿಣಿಬಾಯಿಯ ಪಾಲಿಗೆ ಬಂತು. ಬೆಳಿಗ್ಗೆ ಅಂಗಡಿ ತೆರೆದವಳೇ ಆಕೆ ಗೂಡಿನಲ್ಲಿ ಕೂತು, ಅಂಗೈ ಮೇಲೆ ಲಿಂಗವಿಟ್ಟು ಪೂಜಿಸಿ, ಸಣ್ಣ ದನಿಯಲ್ಲಿ ಅದರ ಮುಂದೆ ಸುಖದುಃಖ ತೋಡಿಕೊಳ್ಳುತ್ತಿದ್ದಳು.

ಆಕೆ ಕೂತ ಕೂಡಲೇ ಪಕ್ಕದ ಅಂಗಡಿಯಲ್ಲಿ ಢಣ್ ಢಣ್ ಶುರು. ಮಸಾಲೆ ಮಾರುವ ಅಕ್ತರಬೀ ಕಬ್ಬಿಣದ ಖಲಬತ್ತದಲ್ಲಿ ಒಣಮೆಣಸಿನಕಾಯಿ ಕುಟ್ಟುವಳು. ಪೂಜೆ ಮುಗಿಯಿತೋ, ಕುಟ್ಟುವುದೂ ಬಂದ್.

‘ನೋಡ್ರಿ ಹಾವಗೆಪ್ಪಣ್ಣ, ಬೇಕಂತೇ ಕುಟ್ಲತಾಳ,’ ಎಂದು ರುಕ್ಮಿಣಿಬಾಯಿ ನನ್ನ ಮುಂದೆ ಹಲ್ಲು ಕಡಿಯುತ್ತಿದ್ದಳು. ‘ನನ್ನ ಸುಂದರಬಾಯಿ ಲಗ್ನ ಕೂಡಿ ಬರ್ಲತದಲ್ಲ, ಹೊಟ್ಟಿಕಿಚ್ಚು ಆಕಿಗಿ.’

ಮಗಳು ಸುಂದರಬಾಯಿಗೆ ಮೆಹಕರದ ಸಂಬಂಧ ಗೊತ್ತಾಗುವುದರಲ್ಲಿತ್ತು. ಹಿಂದೆ ಎರಡು ಸಂಬಂಧ ಬಾಗಿಲತನಕ ಬಂದು ತಿರುಗಿಹೋಗಿದ್ದವು. ಇದೂ ತಪ್ಪಿದರೆ ಹುಡುಗಿಯ ಗತಿಯೇನೆಂಬ ಭಯ ತಾಯಿಯನ್ನು ತಿನ್ನುತ್ತಿತ್ತು. ನನಗೂ ಅಕ್ತರಬೀ ಮೇಲೆ ಅನುಮಾನವೇ. ಪೂಜೆಯ ಹೊತ್ತಿಗೇ ಸರಿಯಾಗಿ ಯಾರಾದರೂ ಮೆಣಸಿನಕಾಯಿ ಕುಟ್ಟುತ್ತಾರೆಯೇ!

ಕೊನೆಗೆ ಬಾಡಿಗೆ ವಸೂಲಿಗೆ ಬರುವ ಕಾರಕೂನ ಕುತುಬೋದ್ದೀನನ ಮುಂದೆ ರುಕ್ಮಿಣಿಬಾಯಿ ದೊಡ್ಡ ರಂಪ ಮಾಡಿದಳು. ಪೂಜೆ ಮುಗಿಯುವವರೆಗೆ ಕುಟ್ಟಕೂಡದೆಂದು ಆತ ಹುಕುಂ ಮಾಡಿದ.

ಅಕ್ತರಬೀ ಇಷ್ಟೇ ಅಂದಳು: ‘ಕುಟ್ಟೋದು ಬಿಟ್ರ ನಿನಗೇ ತ್ರಾಸ ಆಗ್ತದ, ಅಕ್ಕಾ.’

‘ಕೇಳಿದ್ರಿಲ್ಲ? ಧಮಕಿ ಹಾಕ್ಲತಾಳ!’ ಎಂದು ರುಕ್ಮಿಣಿಬಾಯಿ ಕೂಗಿದಳು.

ಮರುದಿನ ಬೆಳಿಗ್ಗೆ ಹುಡುಗನ ತಂದೆ ಬಸವಣ್ಣೆಪ್ಪ ಮಾತು ಪಕ್ಕಾ ಮಾಡಲು ಮೆಹಕರದಿಂದ ಬಂದರು. ಲಿಂಗಪೂಜೆಗೆ ಕೂತವರನ್ನು ಎಬ್ಬಿಸಬಾರದಲ್ಲ, ನನ್ನ ಕಟ್ಟೆಯ ಮೇಲೆ ಕೂತು ಕಾದರು. ನಾನು ತಂಬಾಕು ಕೊಟ್ಟೆ. ಖಲಬತ್ತ ಸುಮ್ಮನಿತ್ತು. ಆಗ ನಮ್ಮ ನೆತ್ತಿಯ ಮೇಲಿನ ಗುಮ್ಮಟದಿಂದ, ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ರುಕ್ಮಿಣಿಬಾಯಿಯ ದನಿ ಇಳಿಯಿತು.

‘ಅಪ್ಪಾ, ನನ ತಂದೀ, ಹೊತ್ತು ಮುಳುಗಿದ್ರ ನನ ಮಗಳಿಗಿ ಕಣ್ಣು ಕಾಣಂಗಿಲ್ಲ. ತಲಿ ಮ್ಯಾಲ ಅಕ್ಕಿಕಾಳು ಬೀಳೋತನಕ ಮೆಹಕರದವರಿಗಿ ಗೊತ್ತಾಗಲಾರದಂಗ ಕಾಯಪ್ಪಾ.’

ಹೊರಗಿದ್ದ ಅಕ್ತರಬೀ ತನ್ನ ಅಂಗಡಿಯೊಳಗೆ ಓಡಿಬಂದು ಬರೀ ಖಲಬತ್ತವನ್ನೇ ಕುಟ್ಟತೊಡಗಿದಳು. ಅಷ್ಟರಲ್ಲಿ ಮಾತು ಮುಗಿದಿತ್ತು. ಬಸವಣ್ಣೆಪ್ಪ ತಂಬಾಕನ್ನು ಕಟ್ಟೆಯ ಮೇಲಿಟ್ಟು, ರುಮಾಲು ಸರಿಪಡಿಸಿಕೊಂಡು, ‘ಬರ್ತೇನ್ರಿ’ ಎಂದು ಮೆಟ್ಟಿಲಿಳಿದರು.

ರುಕ್ಮಿಣಿಬಾಯಿ ಧಡಧಡನೆ ಹೊರಗೆ ಬಂದಳು. ‘ಮತ್ತ ಕುಟ್ಲತಿಯೇನ?’ ಎಂದು ಚೀರಿದವಳಿಗೆ ದೂರದಲ್ಲಿ ಬಸವಣ್ಣೆಪ್ಪನವರ ಬೆನ್ನು ಕಂಡಿತು. ‘ಅವರ್ಯಾಕ ಹೊಂಟ್ರು? ಏನ್ ಹೇಳಿದಿ ಅವರಿಗಿ?’

‘ಆಕಿ ಏನೂ ಹೇಳಿಲ್ರಿ. ನೀವೇ ಹೇಳಿದ್ರಿ,’ ಎಂದೆ ನಾನು. ‘ಗೂಡಿನಾಗ ಆಡಿದ್ದು ಎಲ್ಲಾ ಅಂಗಡಿಗಿ ಕೇಳಸ್ತದ.’

ಆಕೆ ನನ್ನನ್ನು ನಂಬಲಿಲ್ಲ. ಅಕ್ತರಬೀಯ ಕಡೆ ತಿರುಗಿದಳು. ‘ದಿನಾ ಕೇಳಸ್ತಿತ್ತೇನ?’

‘ಹೂಂ, ಅಕ್ಕಾ.’

‘ಒಂದ್ ಮಾತು ನನಗ ಹೇಳಬಾರದಾಗಿತ್ತೇನ?’

‘ನಿನ್ನ ಮನಿ ಗುಟ್ಟು ನಾ ಕೇಳೀನಂತ ಯಾವ ಬಾಯಿಲೆ ಹೇಳ್ಲಿ?’ ಅಕ್ತರಬೀಯ ಕಣ್ಣು ತುಂಬಿತ್ತು. ‘ಬ್ಯಾರೆಯವರಿಗಿ ಕೇಳಸಬಾರದಂತ ಕುಟ್ತಿದ್ದೆ.’